ಟಾಪ್ ಎಂಡ್ ಬಿಟ್ಟು ಮಧ್ಯದ ವೇರಿಯಂಟ್: ಆಫ್-ರೋಡ್ ಪಿಕಪ್ ಆರಿಸಿದ ನನ್ನ ಲೆಕ್ಕ

ಆಫ್-ರೋಡ್ ಪಿಕಪ್ ಕೊಳ್ಳಲು ಹೊರಟವರಿಗೆ ಸಿಗುವ ಸಲಹೆ ಎರಡೇ. ದುಡ್ಡಿದ್ದರೆ ಕಣ್ಣುಮುಚ್ಚಿ ಟಾಪ್ ಎಂಡ್ ತಗೋ, ಇಲ್ಲದಿದ್ದರೆ ಬೇಸ್ ತಗೊಂಡು ಒಂದೊಂದಾಗಿ ಹಾಕಿಸುತ್ತಾ ಹೋಗು. ಎರಡನ್ನೂ ಬಿಟ್ಟು ಮಧ್ಯದ ವೇರಿಯಂಟಿಗೆ ಕೈ ಹಾಕಿದಾಗ ಬಳಗದಲ್ಲಿ ನಕ್ಕವರೇ ಹೆಚ್ಚು. ‘ಅತ್ತಲೂ ಇಲ್ಲ, ಇತ್ತಲೂ ಇಲ್ಲ’ ಎಂಬ ಮಾತೂ ಬಂತು. ಈಗ ಅದೇ ಗಾಡಿ ಟಾಪ್ ಎಂಡ್ ಹತ್ತುವ ಕಡೆಯೆಲ್ಲ ಹತ್ತುತ್ತದೆ, ಅದಕ್ಕಿಂತ ಹೆಚ್ಚು ಭಾರ ಹೊರುತ್ತದೆ, ಒಟ್ಟು ಖರ್ಚೂ ಕಡಿಮೆ. ನಕ್ಕವರೇ ಲೆಕ್ಕದ ಹಾಳೆ ಕೇಳುತ್ತಿರುವುದರಿಂದ ಬರೆದುಬಿಡುತ್ತೇನೆ. ಡಿಫ್ ಲಾಕ್ (ಒಂದೇ ಆ್ಯಕ್ಸಲ್‌ನ ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗುವಂತೆ ಬಿಗಿಯುವ ಸಾಧನ), ಲೋ ರೇಂಜ್ (ಗಾಡಿ ನಿಧಾನಕ್ಕೆ, ಆದರೆ ಹೆಚ್ಚು ಬಲದಿಂದ ಎಳೆಯುವ ಗೇರ್ ಸಾಲು) ಯಾಕೆ ಬೇಕು ಎಂಬ ಉದ್ದನೆಯ ಪಾಠ ಇಲ್ಲಿಲ್ಲ. ಬೇಕಾದ ಕಡೆ ಒಂದೆರಡು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ.

ಮೊದಲ ಕೆಲಸ, ಬ್ರೋಷರ್‌ನಲ್ಲಿ ಕಂಪನಿ ಮಾಡಿಕೊಟ್ಟ ವಿಂಗಡಣೆಯನ್ನು ಪೂರ್ತಿ ಮರೆಯುವುದು. ಅವರು ‘ಸೇಫ್ಟಿ’, ‘ಕಂಫರ್ಟ್’, ‘ಸ್ಟೈಲ್’ ಅಂತ ಹಾಕಿರುತ್ತಾರೆ. ನನ್ನ ಹಾಳೆಯಲ್ಲಿ ಮೂರು ಕಾಲಂ. ಒಂದು, ಆಮೇಲೆ ಹಾಕಿಸಲು ಆಗದ್ದು ಅಥವಾ ಹಾಕಿಸಿದರೆ ಕೈ ಸುಡುವಂಥದ್ದು. ಎರಡು, ಹೊರಗೆ ಇದಕ್ಕಿಂತ ಚೆನ್ನಾಗಿರುವುದು ಕಡಿಮೆಗೆ ಸಿಗುವಂಥದ್ದು. ಮೂರು, ದಾರಿ ಬಿಟ್ಟು ಇಳಿದ ಮೇಲೆ ಕಾಟ ಕೊಡುವಂಥದ್ದು. ಮೊದಲ ಕಾಲಂ ತುಂಬುವ ಅತಿ ಕೆಳಗಿನ ವೇರಿಯಂಟ್ ಯಾವುದೋ ಅದನ್ನೇ ಕೊಳ್ಳಬೇಕು. ಅಷ್ಟೇ ನಿಯಮ. ಇಷ್ಟು ಸರಳವಾದದ್ದನ್ನು ಜನ ಯಾಕೆ ನಂಬುವುದಿಲ್ಲ ಅಂದರೆ, ಮೊದಲ ಕಾಲಂನಲ್ಲಿ ಏನೇನು ಬರಬೇಕು ಎಂಬಲ್ಲಿಯೇ ತಪ್ಪುತ್ತಾರೆ.

ಹೆಚ್ಚಿನವರು ಅಲ್ಲಿ ಶಾಕ್ ಅಬ್ಸಾರ್ಬರ್ ಬರೆಯುತ್ತಾರೆ, ಟೈರ್ ಬರೆಯುತ್ತಾರೆ. ಅವೆರಡೂ ಎರಡನೆಯ ಕಾಲಂ. ಮೊದಲನೆಯದರಲ್ಲಿ ಬರಬೇಕಾದವು ಇವು: ಟ್ರಾನ್ಸ್‌ಫರ್ ಕೇಸಿನ (ಎಂಜಿನ್ ಬಲವನ್ನು ಮುಂದಿನ, ಹಿಂದಿನ ಆ್ಯಕ್ಸಲ್‌ಗೆ ಹಂಚುವ ಗೇರ್ ಪೆಟ್ಟಿಗೆ) ಬಗೆ ಮತ್ತು ಅದರ ಲೋ ರೇಶಿಯೋ, ಆ್ಯಕ್ಸಲ್ ರೇಶಿಯೋ (ಚಕ್ರದ ಒಂದು ಸುತ್ತಿಗೆ ಡ್ರೈವ್‌ಶಾಫ್ಟ್ ಎಷ್ಟು ಸುತ್ತಬೇಕು ಎಂಬುದು), ಫ್ಯಾಕ್ಟರಿ ಡಿಫ್ ಲಾಕ್, ಆ್ಯಕ್ಸಲ್‌ನ ಗಾತ್ರ ಮತ್ತು ಟ್ರ್ಯಾಕ್ ಅಗಲ (ಎಡ ಬಲ ಚಕ್ರಗಳ ನಡುವಿನ ಅಂತರ), ಬ್ರೇಕಿನ ಗಾತ್ರ, ಕೂಲಿಂಗ್ ಮತ್ತು ಟೋಯಿಂಗ್ (ಟ್ರೈಲರ್ ಎಳೆಯುವ) ಪ್ಯಾಕೇಜ್, ಕೊನೆಗೆ ಕಾಗದದ ಮೇಲೆ ಬರೆದಿರುವ ಒಟ್ಟು ಅನುಮತಿ ತೂಕ (ಗಾಡಿ, ಜನ, ಸಾಮಾನು ಸೇರಿ ಇರಬಹುದಾದ ಗರಿಷ್ಠ ತೂಕ). ಹೆಚ್ಚುವರಿ ಎಲೆಕ್ಟ್ರಿಕಲ್ ಸ್ವಿಚ್‌ಗಳನ್ನು ಫ್ಯಾಕ್ಟರಿಯೇ ಫ್ಯೂಸ್ ಸಮೇತ ಕೊಡುವುದಾದರೆ ಅದನ್ನೂ ಇಲ್ಲೇ ಸೇರಿಸಿ. ಡ್ಯಾಶ್‌ಬೋರ್ಡ್ ಬಿಚ್ಚಿ ವೈರ್ ಎಳೆಯುವ ಕೆಲಸ ಮಾಡಿಸಿದವರಿಗೆ ಅದರ ಬೆಲೆ ಗೊತ್ತು.

ಉದಾಹರಣೆಗೆ ಜೀಪ್ ಗ್ಲೇಡಿಯೇಟರ್ ಪಿಕಪ್. ಅದರ ಕೆಳಗಿನ ವೇರಿಯಂಟ್ ಸ್ಪೋರ್ಟ್, ಆಫ್-ರೋಡಿಗೆಂದೇ ಇರುವ ಮೇಲಿನದು ರೂಬಿಕಾನ್. ಸ್ಪೋರ್ಟ್‌ನಲ್ಲಿ ಟ್ರಾನ್ಸ್‌ಫರ್ ಕೇಸಿನ ಲೋ 2.72, ರೂಬಿಕಾನ್‌ನಲ್ಲಿ 4.0. ಆಟೋಮ್ಯಾಟಿಕ್‌ನ ಮೊದಲ ಗೇರ್ ಎರಡರಲ್ಲೂ 4.71. ಆ್ಯಕ್ಸಲ್ ರೇಶಿಯೋ ಸ್ಪೋರ್ಟ್‌ನಲ್ಲಿ 3.73, ರೂಬಿಕಾನ್‌ನಲ್ಲಿ 4.10. ಗುಣಿಸಿ ನೋಡಿ: ಒಂದರ ಕ್ರಾಲ್ ರೇಶಿಯೋ (ಅತಿ ಕೆಳಗಿನ ಗೇರಿನಲ್ಲಿ ಚಕ್ರದ ಒಂದು ಸುತ್ತಿಗೆ ಎಂಜಿನ್ ಸುತ್ತುವ ಲೆಕ್ಕ) ಸುಮಾರು 48, ಇನ್ನೊಂದರದು 77. ಬರೀ ಅಂಕಿ ನೋಡಿದರೆ ತಲೆಗೆ ಹತ್ತುವುದಿಲ್ಲ, ವೇಗಕ್ಕೆ ಇಳಿಸಿ. 33 ಇಂಚಿನ ಟೈರ್ ಒಂದು ಸುತ್ತಿಗೆ ಸುಮಾರು 2.6 ಮೀಟರ್ ಹೋಗುತ್ತದೆ. ಎಂಜಿನ್ ಐಡಲ್‌ನಲ್ಲಿ 750 ಆರ್‌ಪಿಎಂ ಇದ್ದರೆ ರೂಬಿಕಾನ್ ಗಂಟೆಗೆ ಒಂದೂವರೆ ಕಿಲೋಮೀಟರ್, ಸ್ಪೋರ್ಟ್ ಎರಡೂವರೆ ಕಿಲೋಮೀಟರ್ ತೆವಳುತ್ತದೆ. ದೊಡ್ಡ ಬಂಡೆಗಳ ಇಳಿಜಾರಿನಲ್ಲಿ ಆ ಒಂದು ಕಿಲೋಮೀಟರ್ ದೊಡ್ಡದು. ಮರಳು, ಕೆಸರು, ಕಾಡುದಾರಿಯಲ್ಲಿ ಅದಕ್ಕೆ ಕಿಮ್ಮತ್ತೇ ಇಲ್ಲ. ಮರಳಿನಲ್ಲಂತೂ 77ರ ಮೊದಲ ಗೇರನ್ನು ಯಾರೂ ಮುಟ್ಟುವುದಿಲ್ಲ. ಸ್ಪೋರ್ಟ್‌ಗೇ ಮ್ಯಾಕ್ಸ್ ಟೋ ಪ್ಯಾಕೇಜ್ ಸೇರಿಸಿದರೆ 4.10 ಆ್ಯಕ್ಸಲ್ ಸಿಗುತ್ತದೆ, ಕ್ರಾಲ್ 52ಕ್ಕೆ ಏರುತ್ತದೆ. ಲಗೇಜ್ ಹೊರುವವರಿಗೆ ಆ ಜೋಡಿ ರೂಬಿಕಾನ್‌ಗಿಂತ ಮೇಲು ಎನ್ನುವುದು ನನ್ನ ವಾದ. ಆಟೋಮ್ಯಾಟಿಕ್‌ನಲ್ಲಿ ಟಾರ್ಕ್ ಕನ್ವರ್ಟರ್ (ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವಿನ ಎಣ್ಣೆಯ ಜೋಡಣೆ) ಕೂಡ ಟಾರ್ಕ್, ಅಂದರೆ ತಿರುಗಿಸುವ ಬಲ, ಹೆಚ್ಚಿಸಿ ಕೊಡುವುದರಿಂದ ಮ್ಯಾನ್ಯುವಲ್‌ನ ಅಂಕಿಯನ್ನು ಇದರ ಜೊತೆ ನೇರವಾಗಿ ಹೋಲಿಸಬೇಡಿ. ಇಳಿಯುವಾಗ ಮಾತ್ರ ಮ್ಯಾನ್ಯುವಲ್ಲೇ ಮೇಲು.

ಇದಕ್ಕೆ ಉಲ್ಟಾ ಉದಾಹರಣೆ ಮೂರನೇ ತಲೆಮಾರಿನ ಟೊಯೋಟಾ ಟಕೋಮಾ, 2016ರಿಂದ 2023ರವರೆಗಿನದು. ಟಿಆರ್‌ಡಿ ಸ್ಪೋರ್ಟ್ ಮತ್ತು ಟಿಆರ್‌ಡಿ ಆಫ್-ರೋಡ್ ಎಂಬ ಎರಡು ವೇರಿಯಂಟ್ (ಟಿಆರ್‌ಡಿ ಅಂದರೆ ಟೊಯೋಟಾ ರೇಸಿಂಗ್ ಡೆವಲಪ್‌ಮೆಂಟ್) ಬೆಲೆಯಲ್ಲಿ ಅಕ್ಕಪಕ್ಕ. ಸ್ಪೋರ್ಟ್‌ಗೆ ಬಾನೆಟ್ ಮೇಲೆ ಸ್ಕೂಪ್ (ಗಾಳಿಬಾಯಿ) ಉಂಟು, ಅದರೊಳಗೆ ಗಾಳಿ ಹೋಗುವುದಿಲ್ಲ. ಆಫ್-ರೋಡ್‌ಗೆ ಹಿಂದಿನ ಎಲೆಕ್ಟ್ರಿಕ್ ಡಿಫ್ ಲಾಕ್ ಉಂಟು. ಮೇಲಿನ ಟಿಆರ್‌ಡಿ ಪ್ರೊಗೆ ಹೋದರೆ ಫಾಕ್ಸ್ ಕಂಪನಿಯ ಎರಡೂವರೆ ಇಂಚಿನ ಶಾಕ್, ದಪ್ಪ ಸ್ಕಿಡ್ ಪ್ಲೇಟ್ (ಗಾಡಿಯ ತಳ ಕಾಯುವ ಲೋಹದ ಹಾಳೆ), ಬೇರೆ ಗ್ರಿಲ್. ಲಾಕ್ ಅದೇ ಹಿಂದಿನದೊಂದೇ, ಮುಂದೆ ಇಲ್ಲ. ಅಂದರೆ ಮೊದಲ ಕಾಲಂ ಆಫ್-ರೋಡ್‌ನಲ್ಲಿಯೇ ತುಂಬಿತು. ಪ್ರೊಗೆ ಕೊಡುವ ಹೆಚ್ಚಿನ ದುಡ್ಡೆಲ್ಲ ಎರಡನೆಯ ಕಾಲಂಗೆ ಹೋಗುತ್ತದೆ. ಶೆವ್ರೊಲೆ ಕೊಲೊರಾಡೊ ಝಡ್‌ಆರ್2 ಹಾಗಲ್ಲ, ಅದರಲ್ಲಿ ಮುಂದೆ ಹಿಂದೆ ಎರಡೂ ಲಾಕ್ ಇವೆ. ಅಲ್ಲಿ ಟಾಪ್ ಎಂಡ್‌ಗೆ ಒಂದು ನ್ಯಾಯ ಇದೆ.

ಮಿತ್ಸುಬಿಷಿ ಟ್ರೈಟನ್ ಕೊಳ್ಳುವವರು ನೋಡಬೇಕಾದದ್ದು ಬೇರೆ. ಕೆಳಗಿನ ವೇರಿಯಂಟ್‌ಗಳಲ್ಲಿ ಮಾಮೂಲಿ ಪಾರ್ಟ್-ಟೈಮ್ ಫೋರ್ ಬೈ ಫೋರ್ (ಸಡಿಲ, ಜಾರುವ ನೆಲದಲ್ಲಿ ಮಾತ್ರ ನಾಲ್ಕೂ ಚಕ್ರಕ್ಕೆ ಬಲ ಕೊಡುವಂಥದ್ದು), ಮೇಲಿನವುಗಳಲ್ಲಿ ಸೆಂಟರ್ ಡಿಫ್ (ಮುಂದಿನ, ಹಿಂದಿನ ಆ್ಯಕ್ಸಲ್ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್) ಇರುವ ಸೂಪರ್ ಸೆಲೆಕ್ಟ್. ಒದ್ದೆ ಡಾಂಬರು, ನಡುನಡುವೆ ಕಲ್ಲುಪುಡಿ ಇರುವ ದಾರಿಯಲ್ಲಿ ದಿನವೂ ಓಡಾಡುವವರಿಗೆ ಇದು ಚಿನ್ನದಂಥ ವಸ್ತು. ಪಾರ್ಟ್-ಟೈಮ್ ಗಾಡಿಯನ್ನು ಗಟ್ಟಿ ರಸ್ತೆಯಲ್ಲಿ ಫೋರ್‌ಗೆ ಹಾಕಿ ತಿರುಗಿಸಿದರೆ ಡ್ರೈವ್‌ಲೈನ್ ಬಿಗಿದುಕೊಂಡು ಟೈರ್ ಉಜ್ಜುತ್ತದೆ, ಲಿವರ್ ಹೊರಗೆ ಬರುವುದಿಲ್ಲ. ಟ್ರಾನ್ಸ್‌ಫರ್ ಕೇಸ್ ಬದಲಿಸಿ ಈ ಸೌಲಭ್ಯ ಆಮೇಲೆ ಹಾಕಿಸಿಕೊಳ್ಳುತ್ತೇನೆ ಅನ್ನುವುದು ಕನಸಿನ ಮಾತು.

ಪಾರ್ಟ್ ನಂಬರ್ ಪರೀಕ್ಷೆ

ನನ್ನ ಪದ್ಧತಿಯ ಜೀವ ಇದು. ಸೇಲ್ಸ್‌ನವರು ‘ಆಫ್-ರೋಡ್ ಟ್ಯೂನ್ಡ್ ಸಸ್ಪೆನ್ಷನ್’ ಅಂತ ಹೇಳುತ್ತಾರೆ. ನಿಜವೋ ಸುಳ್ಳೋ ತಿಳಿಯಲು ಕಂಪನಿಯ ಬಿಡಿಭಾಗಗಳ ಕ್ಯಾಟಲಾಗ್ ತೆರೆದು ಎರಡು ವೇರಿಯಂಟ್‌ಗಳ ನಂಬರ್ ಅಕ್ಕಪಕ್ಕ ಬರೆಯಿರಿ: ಮುಂದಿನ ಶಾಕ್, ಹಿಂದಿನ ಶಾಕ್, ಮುಂದಿನ ಕಾಯಿಲ್, ಹಿಂದಿನ ಲೀಫ್ ಕಟ್ಟು (ಪಟ್ಟಿ ಸ್ಪ್ರಿಂಗ್), ಸ್ವೇ ಬಾರ್ (ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಸರಳು), ಹಿಂದಿನ ಆ್ಯಕ್ಸಲ್ ಹೌಸಿಂಗ್, ಬ್ರೇಕ್ ಡಿಸ್ಕ್, ರೇಡಿಯೇಟರ್, ಆಲ್ಟರ್ನೇಟರ್, ಚಾಸಿ. ಟೊಯೋಟಾದಂಥ ಕಂಪನಿಯಲ್ಲಿ ಮೊದಲ ಐದು ಅಂಕಿ ಅದು ಯಾವ ಭಾಗ ಎನ್ನುವುದಕ್ಕೆ, ಮುಂದಿನ ಐದು ಯಾವ ಗಾಡಿಯದು ಎನ್ನುವುದಕ್ಕೆ. ಮೊದಲ ಐದು ಒಂದೇ ಇದ್ದು ಕೊನೆಯವು ಬೇರೆಯಾದರೆ ಭಾಗವೇ ಬೇರೆ. ಹತ್ತೂ ಒಂದೇ ಆದರೆ ನೀವು ಸ್ಟಿಕರ್‌ಗೆ ದುಡ್ಡು ಕೊಡುತ್ತಿದ್ದೀರಿ.

ಹೀಗೆ ನೋಡಿದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಚಾಸಿಯ ನಂಬರ್ ಮಧ್ಯದ್ದಕ್ಕೂ ಮೇಲಿನದಕ್ಕೂ ಒಂದೇ ಆಗಿದ್ದದ್ದು. ಚಾಸಿ ಒಂದೇ ಅಂದಮೇಲೆ ಸ್ಕಿಡ್ ಪ್ಲೇಟಿನ ಬೋಲ್ಟ್ ತೂತುಗಳು, ಹಿಂದಿನ ಟೋ ಹುಕ್ಕಿನ ಥ್ರೆಡ್‌ಗಳು ಕೆಳಗಿನ ಗಾಡಿಯಲ್ಲೂ ಇರುತ್ತವೆ. ಮೇಲಿನ ವೇರಿಯಂಟಿನ ಪ್ಲೇಟನ್ನೇ ಬಿಡಿಭಾಗವಾಗಿ ತರಿಸಿ ನಾಲ್ಕು ಬೋಲ್ಟ್ ಹಾಕಿದರೆ ಮುಗಿಯಿತು. ಕ್ಯಾಟಲಾಗ್‌ನಲ್ಲಿ ಬೋಲ್ಟಿಗೂ ಬೇರೆ ನಂಬರ್ ಇರುತ್ತದೆ, ಅದನ್ನೂ ಸೇರಿಸಿ ತರಿಸಿ. ಉದ್ದ ಒಂದೆರಡು ಸುತ್ತು ಕಡಿಮೆಯಾದರೂ ಮೊದಲ ಬಂಡೆಯ ಹೊಡೆತಕ್ಕೆ ಥ್ರೆಡ್ ಕಿತ್ತು ಬರುತ್ತದೆ.

ಹುಡುಕುವಾಗ ಮಾಡೆಲ್ ಹೆಸರಿಂದ ಹುಡುಕಬೇಡಿ, ಗಾಡಿಯ ವಿನ್ ನಂಬರ್ (ಒಂದೊಂದು ಗಾಡಿಗೂ ಬೇರೆಯಾದ ಗುರುತಿನ ಸಂಖ್ಯೆ) ಕೊಟ್ಟು ಹುಡುಕಿ. ಒಂದೇ ಹೆಸರಿನ ವೇರಿಯಂಟ್‌ನಲ್ಲಿ ವರ್ಷದ ನಡುವೆಯೇ ಭಾಗ ಬದಲಾಗುವುದುಂಟು. ಷೋರೂಮಿನಲ್ಲಿ ನಿಂತಿರುವ ಗಾಡಿಯ ವಿನ್ ನಂಬರ್ ಗಾಜಿನ ಕೆಳಗೇ ಕಾಣುತ್ತದೆ, ಯಾರ ಅನುಮತಿಯೂ ಬೇಡ. ಬಾಗಿಲ ಚೌಕಟ್ಟಿನ ಸ್ಟಿಕರಿನಲ್ಲಿ ಆ್ಯಕ್ಸಲ್ ಕೋಡ್ ಮತ್ತು ಒಟ್ಟು ತೂಕ ಇದ್ದರೆ ಫೋಟೊ ಹೊಡೆದುಕೊಳ್ಳಿ. ಡೀಲರೇ ಹಾಕಿಕೊಡುವ ‘ಆಫ್-ರೋಡ್ ಪ್ಯಾಕ್’ ಬಹುಪಾಲು ರಿಮ್, ಸ್ಟಿಕರ್, ಫೆಂಡರ್ ಅಂಚಿನ ಪ್ಲಾಸ್ಟಿಕ್. ಅದರಲ್ಲಿ ಯಾವುದಕ್ಕೂ ಫ್ಯಾಕ್ಟರಿ ಕೋಡ್ ಇರುವುದಿಲ್ಲ.

ಇದೇ ಕ್ಯಾಟಲಾಗ್‌ನಿಂದ ಇನ್ನೊಂದು ಲಾಭ ಮಾಡಿಕೊಂಡೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಆ ಭಾಗದ ಬೆಲೆ ಏರುತ್ತದೆ. ಲೀಫ್ ಕಟ್ಟಿನ ನಂಬರ್‌ಗಳನ್ನು ಅದೇ ಕಂಪನಿಯ ಬೇರೆ ಕ್ಯಾಬಿನ್ ಮಾದರಿಯ ಜೊತೆ ಹೋಲಿಸಿ ನೋಡಿ ಅನ್ನುವಷ್ಟೇ ಸುಳಿವು.

ತೂಕ: ಟಾಪ್ ಎಂಡ್ ಸೋಲುವ ಜಾಗ

ಬೇಸ್‌ಗಿಂತ ಮಧ್ಯದ್ದು ಭಾರ, ಅದಕ್ಕಿಂತ ಮೇಲಿನದು ಇನ್ನೂ ಭಾರ. ಒಟ್ಟು ಅನುಮತಿ ತೂಕ ಮಾತ್ರ ಮೂರಕ್ಕೂ ಹೆಚ್ಚು ಕಡಿಮೆ ಒಂದೇ, ಕೆಲವೊಮ್ಮೆ ಮೇಲಿನದಕ್ಕೆ ಕಡಿಮೆ. ಹಾಗಾಗಿ ಹೊರುವ ಶಕ್ತಿ ಮೇಲೆ ಹೋದಂತೆ ಇಳಿಯುತ್ತದೆ. ಫೋರ್ಡ್ ರೇಂಜರ್ ರಾಪ್ಟರ್ ಇದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ. ಹಿಂದೆ ಲೀಫ್ ತೆಗೆದು ಕಾಯಿಲ್ ಮತ್ತು ವಾಟ್ಸ್ ಲಿಂಕ್ (ಆ್ಯಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಸರಳುಗಳು) ಹಾಕಿದ್ದಾರೆ. ವೇಗದಲ್ಲಿ ಹಾರಿಸಲು ಅದಕ್ಕೆ ಸಾಟಿ ಇಲ್ಲ. ಆದರೆ ಉಳಿದ ರೇಂಜರ್‌ಗಳು 3,500 ಕೆ.ಜಿ. ಎಳೆದರೆ ಅದು ಎಳೆಯುವುದು 2,500. ಹಿಂದೆ ಹೊರುವ ಭಾರವೂ ನೂರಾರು ಕೆ.ಜಿ. ಕಡಿಮೆ. ವಾರಗಟ್ಟಲೆ ಸಾಮಾನು ಹೇರಿಕೊಂಡು ಹೋಗುವವರಿಗೆ ಅದು ತಪ್ಪು ಗಾಡಿ, ಖಾಲಿ ಓಡಿಸುವವರಿಗೆ ಸರಿಯಾದ ಗಾಡಿ. ಇಲ್ಲಿ ಒಳ್ಳೆಯದು ಕೆಟ್ಟದ್ದು ಅನ್ನುವ ಪ್ರಶ್ನೆಯೇ ಇಲ್ಲ.

ಕೊಳ್ಳುವ ಮೊದಲೇ ತೂಕದ ಪಟ್ಟಿ ಬರೆದೆ. ನೆನಪಿನಿಂದ ಹೇಳುವ ಅಂಕಿಗಳು: ಉಕ್ಕಿನ ಮುಂಭಾಗದ ಬಾರ್ 50ರಿಂದ 60 ಕೆ.ಜಿ., ವಿಂಚ್, ಅಂದರೆ ಸಿಕ್ಕಿಕೊಂಡ ಗಾಡಿ ಎಳೆಯುವ ಮೋಟಾರ್ ರಾಟೆ, 30ರ ಆಸುಪಾಸು (ಉಕ್ಕಿನ ಹಗ್ಗ ಬಿಟ್ಟು ಸಿಂಥೆಟಿಕ್ ಹಾಕಿದರೆ ಸುಮಾರು ಹತ್ತು ಕೆ.ಜಿ. ಉಳಿತಾಯ), ರಾಕ್ ಸ್ಲೈಡರ್ (ಬಾಗಿಲ ತಳ ಕಾಯುವ ಪಕ್ಕದ ಸರಳು) ಜೋಡಿ 45, ಮೂರು ಮಿ.ಮೀ. ಉಕ್ಕಿನ ಪ್ಲೇಟುಗಳು 40, ಕ್ಯಾನಪಿ (ಹಿಂದಿನ ಪೆಟ್ಟಿಗೆಯ ಮೇಲ್ಛಾವಣಿ) 70, ಡ್ರಾಯರ್ 60, ನೀರು ಲೀಟರಿಗೊಂದು ಕೆ.ಜಿ., ಜನರು ತಲಾ 75. ಕೂಡಿಸಿದರೆ ನಾಲ್ಕು ಜನ ಮತ್ತು 60 ಲೀಟರ್ ನೀರಿನ ಜೊತೆ ಆರುನೂರೈವತ್ತು ದಾಟಿತು. ಊಟ, ಟೆಂಟ್, ಉಪಕರಣ ಇನ್ನೂ ಹತ್ತಿಲ್ಲ. ಟಾಪ್ ಎಂಡ್‌ನ ಪೇಲೋಡ್ (ಹೊರಬಹುದಾದ ಭಾರ) ಅಲ್ಲಿಗೇ ಮುಗಿಯಿತು. ಮಧ್ಯದ್ದರಲ್ಲಿ ಇನ್ನೂ ಇನ್ನೂರು ಚಿಲ್ಲರೆ ಬಾಕಿ.

ಒಟ್ಟು ತೂಕಕ್ಕಿಂತ ಮೊದಲು ಕೈಕೊಡುವುದು ಹಿಂದಿನ ಆ್ಯಕ್ಸಲ್‌ನ ಮಿತಿ. ಟ್ರೈಲರ್ ಕಟ್ಟುವವರು ಇದನ್ನು ಲೆಕ್ಕ ಹಾಕಲೇಬೇಕು. ಟೋ ಬಾಲ್ (ಟ್ರೈಲರ್ ಕೂರುವ ಕೊಂಡಿ) ಮೇಲೆ 300 ಕೆ.ಜಿ. ಇಳಿದರೆ ಹಿಂದಿನ ಆ್ಯಕ್ಸಲ್‌ಗೆ ಬೀಳುವುದು 300 ಅಲ್ಲ. ಬಾಲ್ ಆ್ಯಕ್ಸಲ್‌ನಿಂದ 1.25 ಮೀಟರ್ ಹಿಂದಿದ್ದು ವೀಲ್‌ಬೇಸ್ (ಮುಂದಿನ, ಹಿಂದಿನ ಆ್ಯಕ್ಸಲ್ ನಡುವಿನ ದೂರ) 3.2 ಮೀಟರ್ ಇದ್ದರೆ ಸನ್ನೆಯ ಲೆಕ್ಕದಲ್ಲಿ 417 ಬೀಳುತ್ತದೆ, ಮುಂದಿನ ಆ್ಯಕ್ಸಲ್‌ನಿಂದ 117 ಎದ್ದುಹೋಗುತ್ತದೆ. ಸ್ಟಿಯರಿಂಗ್ ಹಗುರಾಗುವುದು, ಮುಂದಿನ ಬ್ರೇಕ್ ಬೇಗ ಲಾಕ್ ಆಗುವುದು ಇದರಿಂದಲೇ. ವೇ ಬ್ರಿಡ್ಜ್‌ಗೆ ಹೋದರೆ ಮುಂದಿನ ಚಕ್ರ ಮಾತ್ರ ಹತ್ತಿಸಿ ಒಮ್ಮೆ, ಪೂರ್ತಿ ಗಾಡಿ ಒಮ್ಮೆ, ಹಿಂದಿನದು ಮಾತ್ರ ಒಮ್ಮೆ ತೂಗಿಸಿ. ಮೊದಲ ಮತ್ತು ಕೊನೆಯ ಅಂಕಿ ಕೂಡಿಸಿದಾಗ ನಡುವಿನದಕ್ಕೆ ಹತ್ತಿರ ಬರದಿದ್ದರೆ ವೇ ಬ್ರಿಡ್ಜಿನ ಮುಂದಿನ ನೆಲ ಸಮ ಇಲ್ಲ ಎಂದರ್ಥ, ಬೇರೆ ಕಡೆ ಹೋಗಿ.

ಟಾಪ್ ಎಂಡ್‌ನ ಸಸ್ಪೆನ್ಷನ್‌ಗೆ ಎರಡು ಸಲ ದುಡ್ಡು ಕೊಡಬೇಕಾಗುವುದೂ ತೂಕದಿಂದಲೇ. ದೊಡ್ಡ ಶಾಕ್ ಸರಿ, ಆದರೆ ಅದರ ಜೊತೆ ಬರುವ ಸ್ಪ್ರಿಂಗ್ ಖಾಲಿ ಗಾಡಿಯ ಹಾರಾಟಕ್ಕೆ ಆರಿಸಿದ್ದು. ಬಾರ್, ವಿಂಚ್ ಹಾಕಿದ ಕೂಡಲೇ ಮೂಗು ತಗ್ಗುತ್ತದೆ, ಕ್ಯಾನಪಿ ಹಾಕಿದ ಮೇಲೆ ಬಾಲ ಕೂರುತ್ತದೆ. ಸ್ಪ್ರಿಂಗ್ ಬದಲಿಸಬೇಕು. ಬದಲಿಸಿದರೆ ಶಾಕಿನ ರಿಬೌಂಡ್ (ಒತ್ತಿದ ಸ್ಪ್ರಿಂಗ್ ಮರಳುವಾಗ ಶಾಕ್ ಕೊಡುವ ತಡೆ) ಅದಕ್ಕೆ ಹೊಂದುವುದಿಲ್ಲ, ಬಿಚ್ಚಿ ವಾಲ್ವಿಂಗ್ (ಒಳಗಿನ ಎಣ್ಣೆಯ ಕವಾಟಗಳು) ಬದಲಿಸಬೇಕು. ಎಲೆಕ್ಟ್ರಾನಿಕ್ ನಿಯಂತ್ರಣದ ಶಾಕ್ ಆದರೆ ಅದೂ ಸುಲಭವಲ್ಲ. ಮಧ್ಯದ ಗಾಡಿಯಲ್ಲಿ ಮೂಲ ಶಾಕ್ ಬಿಚ್ಚಿ ಬದಿಗಿಟ್ಟು, ಹೊರುವ ಭಾರ ಹೇಳಿ, ಅದಕ್ಕೆ ತಕ್ಕ ಸ್ಪ್ರಿಂಗ್ ಮತ್ತು ಶಾಕ್ ಒಟ್ಟಿಗೇ ತರಿಸಿದೆ. ಟಾಪ್ ಎಂಡ್‌ನ ಒಂದು ಜೊತೆ ಶಾಕಿನ ಬಿಡಿಭಾಗದ ಬೆಲೆಗೆ ಇಡೀ ಸೆಟ್ ಬಂತು.

ನಡುವೆ ಒಂದು ಪ್ರಯೋಗ. ಅಲೆಅಲೆಯಾಗಿ ಕೊರೆದ ಮಣ್ಣುರಸ್ತೆಯಲ್ಲಿ ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿದ ಕೂಡಲೇ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಶಾಕಿನ ಮೈ ಅಳೆದೆ. ಮೂಲ ಟ್ವಿನ್-ಟ್ಯೂಬ್ (ಎರಡು ಕೊಳವೆಯ) ಶಾಕ್ ನೂರು ಡಿಗ್ರಿ ದಾಟಿತ್ತು, ರಿಸರ್ವಾಯರ್ (ಹೆಚ್ಚುವರಿ ಎಣ್ಣೆಯ ಡಬ್ಬಿ) ಇರುವ ಮೋನೋಟ್ಯೂಬ್ (ಒಂದೇ ಕೊಳವೆಯ) ಶಾಕ್ ಎಪ್ಪತ್ತರ ಆಸುಪಾಸು. ಎಣ್ಣೆ ತೆಳುವಾಗಿ ನೊರೆ ಬಂದಾಗ ಗಾಡಿ ದೋಣಿಯಂತೆ ತೇಲತೊಡಗುತ್ತದೆ. ಅಳೆಯುವಾಗ ಹೊಳೆಯುವ ಲೋಹದ ಮೇಲೆ ಹಿಡಿದರೆ ತಪ್ಪು ಅಂಕಿ ಬರುತ್ತದೆ, ಒಂದು ಚೂರು ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಬೇಕು. ಅಂದಹಾಗೆ ಹಿಂದಿನ ಎಡ ಶಾಕ್ ಯಾವಾಗಲೂ ಬಲಕ್ಕಿಂತ ಬಿಸಿ. ಸೈಲೆನ್ಸರ್ ಆ ಕಡೆ ಹೋಗಿದೆ, ಬೇರೆ ಕಾರಣವಿಲ್ಲ.

ರಿಮ್, ಟೈರ್, ಬ್ರೇಕ್

ಮೂರನೆಯ ಕಾಲಂನ ರಾಜ ದೊಡ್ಡ ರಿಮ್. 255/55 ಆರ್ 20 (ಅಗಲ ಮಿ.ಮೀ.ನಲ್ಲಿ, ಪಕ್ಕೆ ಅಗಲದ ಶೇಕಡಾದಲ್ಲಿ, ರಿಮ್ ಇಂಚಿನಲ್ಲಿ) ಟೈರಿನ ಪಕ್ಕೆಯ ಎತ್ತರ 140 ಮಿ.ಮೀ., 265/60 ಆರ್ 18ರದು 159, 265/70 ಆರ್ 17ರದು 185. ಗಾಳಿ 35ರಿಂದ 18 ಪಿಎಸ್‌ಐಗೆ ಇಳಿಸಿ, ಚಕ್ರಕ್ಕೆ ಸುಣ್ಣ ಬಳಿದು ರಟ್ಟಿನ ಮೇಲೆ ಇಳಿಸಿ ಅಚ್ಚು ತೆಗೆದು ನೋಡಿದ್ದೇನೆ. ಅಚ್ಚು ಉದ್ದಕ್ಕೆ ಬೆಳೆಯುತ್ತದೆ, ಅಗಲಕ್ಕೆ ಹೆಚ್ಚೇನೂ ಇಲ್ಲ. 17ರ ರಿಮ್‌ನಲ್ಲಿ ಆ ಉದ್ದ ಎದ್ದು ಕಾಣುವಷ್ಟು ಹೆಚ್ಚಾಯಿತು. 20ರಲ್ಲಿ ಅಷ್ಟು ಹೆಚ್ಚುವ ಮೊದಲೇ ರಿಮ್ ಅಂಚಿಗೂ ನೆಲಕ್ಕೂ ನಡುವೆ ಎರಡು ಬೆರಳಿನ ಜಾಗವೂ ಉಳಿಯಲಿಲ್ಲ. ಕಲ್ಲು ತಾಗಿದರೆ ಪಕ್ಕೆ ಕತ್ತರಿಸುತ್ತದೆ, ರಿಮ್ ಬಾಗುತ್ತದೆ.

‘ಕೊಂಡ ಮೇಲೆ 17ಕ್ಕೆ ಬದಲಿಸಿದರಾಯಿತು’ ಅನ್ನುವವರಿಗೆ ಒಂದು ಮಾತು. ಮೇಲಿನ ವೇರಿಯಂಟ್‌ನಲ್ಲಿ ಬ್ರೇಕ್ ಡಿಸ್ಕ್ ದೊಡ್ಡದಿದ್ದರೆ ಸಣ್ಣ ರಿಮ್ ಕ್ಯಾಲಿಪರ್‌ಗೆ (ಡಿಸ್ಕನ್ನು ಹಿಡಿಯುವ ಬ್ರೇಕಿನ ಇಕ್ಕಳ) ತಾಗುತ್ತದೆ. ಪಾರ್ಟ್ ನಂಬರ್ ಪರೀಕ್ಷೆಯಲ್ಲಿ ಡಿಸ್ಕ್ ಸೇರಿಸಲು ಹೇಳಿದ್ದು ಅದಕ್ಕೇ. ಡಿಸ್ಕ್ ಒಂದೇ ಆದರೆ ಸಣ್ಣ ರಿಮ್ ಕೂರುತ್ತದೆ. ಬೇರೆಯಾದರೆ ರಿಮ್ ಹಾಕಿ, ಕೈಯಿಂದ ತಿರುಗಿಸಿ, ಕ್ಯಾಲಿಪರ್‌ಗೂ ರಿಮ್‌ಗೂ ನಡುವೆ ಮೂರು ಮಿ.ಮೀ. ಇದೆಯೇ ನೋಡದೆ ದುಡ್ಡು ಕೊಡಬೇಡಿ. ಬ್ಯಾಲೆನ್ಸ್ ಸೀಸವನ್ನು ಒಳಗೆ ಅಂಟಿಸುವ ರಿಮ್ ಆದರೆ ಅದರ ದಪ್ಪವೂ ಲೆಕ್ಕಕ್ಕೆ ಬರುತ್ತದೆ.

265/65 ಆರ್ 17ರಿಂದ 265/70ಕ್ಕೆ ಹೋದರೆ ವ್ಯಾಸ 776ರಿಂದ 803 ಮಿ.ಮೀ. ಆಗುತ್ತದೆ, ಆದರೆ ಡಿಫ್ ಕೆಳಗೆ ಸಿಗುವ ಹೆಚ್ಚಿನ ಎತ್ತರ ಅದರ ಅರ್ಧ, 13 ಮಿ.ಮೀ. ಮಾತ್ರ. ಆಮೇಲೆ 285/70ಕ್ಕೆ ಹೋದರೆ ಇನ್ನೊಂದು 14. ಸ್ಪೀಡೋಮೀಟರ್ 265/70ಕ್ಕೆ ಸರಿಯಿದ್ದರೆ 285ರಲ್ಲಿ ನೂರು ತೋರಿಸುವಾಗ ಗಾಡಿ 103ರ ಮೇಲೆ ಓಡುತ್ತಿರುತ್ತದೆ, ಕ್ರಾಲ್ ರೇಶಿಯೋ ಅಷ್ಟೇ ಸಪ್ಪೆಯಾಗುತ್ತದೆ. ಹತ್ತು ಪ್ಲೈನ (ಹತ್ತು ಪದರದಷ್ಟು ಗಟ್ಟಿಯಾದ) ಎಲ್‌ಟಿ, ಅಂದರೆ ಲೈಟ್ ಟ್ರಕ್ ಟೈರ್ ಒಂದೊಂದೂ ಐದರಿಂದ ಎಂಟು ಕೆ.ಜಿ. ಹೆಚ್ಚು ತೂಗುತ್ತದೆ. ಮೈಲೇಜ್ ಬೀಳುವುದು, ಬ್ರೇಕ್ ಹಿಡಿಯಲು ತಡವಾಗುವುದು ಇದರಿಂದ. ಗಾಡಿ ಅಷ್ಟೇನೂ ಭಾರ ಹೊರುವುದಿಲ್ಲ ಅಂದರೆ ಸಿ ದರ್ಜೆಯ (ಆರು ಪ್ಲೈನ) ಟೈರ್ ಸಾಕು, ಗಾಳಿ ಇಳಿಸಿದಾಗ ಅದು ಚೆನ್ನಾಗಿ ಬಾಗುತ್ತದೆ ಕೂಡ.

ಮೂರನೆಯ ಕಾಲಂನಲ್ಲಿ ಇನ್ನೂ ಇವೆ. ಪಕ್ಕದ ಅಲ್ಯೂಮಿನಿಯಂ ಮೆಟ್ಟಿಲು: ಬಂಡೆಗೆ ತಾಗಿ ಮೇಲಕ್ಕೆ ಮಡಚಿ ಬಾಗಿಲ ತಳ ಒತ್ತುತ್ತದೆ. ಮುಂದಿನ ಬಂಪರಿನ ಕೆಳಗೆ ತಗ್ಗಿ ಬಂದ ತುಟಿ. ಕಾರ್ಪೆಟ್: ಬೇಸ್‌ನ ರಬ್ಬರ್ ನೆಲವನ್ನು ಪೈಪಿನಿಂದ ತೊಳೆಯಬಹುದು, ಕಾರ್ಪೆಟ್ ಒಮ್ಮೆ ನೀರು ಕುಡಿದರೆ ತಿಂಗಳುಗಟ್ಟಲೆ ನಾರುತ್ತದೆ. ಗ್ರಿಲ್‌ನಲ್ಲಿ ಕೂತ ರೇಡಾರ್ ಮತ್ತು ಬಂಪರಿನ ತುಂಬ ಸೆನ್ಸರ್: ಒಳ್ಳೆಯವೇ, ಆದರೆ ಬಾರ್ ಹಾಕುವಾಗ ಅವೆಲ್ಲವನ್ನೂ ಹೊಸ ಜಾಗಕ್ಕೆ ಕೂರಿಸಬೇಕು, ಗಾಡಿ ಎತ್ತರಿಸಿದರೆ ಗಾಜಿನ ಕ್ಯಾಮೆರಾ ಮತ್ತೆ ಕ್ಯಾಲಿಬ್ರೇಟ್ ಮಾಡಿಸಬೇಕು. ಸುತ್ತಲೂ ತೋರಿಸುವ ಕ್ಯಾಮೆರಾ ಒಂದನ್ನು ಮಾತ್ರ ಬಿಟ್ಟುಕೊಟ್ಟದ್ದಕ್ಕೆ ಹೊಟ್ಟೆ ಉರಿಯುತ್ತದೆ. ಏರಿನ ನೆತ್ತಿಯಲ್ಲಿ ಮುಂದೆ ಏನಿದೆ ಎಂದು ಕಾಣಿಸುವ ವಸ್ತು ಅದೊಂದೇ.

ಬೇಸ್ ಯಾಕೆ ಬೇಡ

ಇಲ್ಲಿ ದುಡ್ಡಿನ ಲೆಕ್ಕ. ಬೇಸ್ ಬೆಲೆ 100 ಅಂತಿಟ್ಟುಕೊಂಡರೆ ನಾನು ನೋಡಿದ ಗಾಡಿಯಲ್ಲಿ ಮಧ್ಯದ್ದು ಸುಮಾರು 113, ಟಾಪ್ ಎಂಡ್ 140. ಬೇಸ್‌ಗೂ ಮಧ್ಯದ್ದಕ್ಕೂ ಬೇಕಾದ ಹೊರಗಿನ ಸಾಮಾನು: ರಿಮ್ ಟೈರ್ 4, ಸ್ಲೈಡರ್ 2.5, ಪ್ಲೇಟ್ 1.5, ಸ್ಪ್ರಿಂಗ್ ಶಾಕ್ 6, ಕಂಪ್ರೆಸರ್ ಮತ್ತು ಎಳೆಯುವ ಸಾಮಾನು 1.5. ಒಟ್ಟು ಹದಿನೈದೂವರೆ. ಮಧ್ಯದ ಗಾಡಿಯಿಂದ ಬಿಚ್ಚಿದ ಟೈರ್, ರಿಮ್, ಮೆಟ್ಟಿಲು ಮಾರಿದರೆ ಒಂದೂವರೆ ವಾಪಸ್. ಅಂದರೆ 127ಕ್ಕೆ ನಿಂತಿತು. ಟಾಪ್ ಎಂಡ್‌ಗೆ ಸ್ಲೈಡರ್, ಭಾರಕ್ಕೆ ತಕ್ಕ ಸ್ಪ್ರಿಂಗ್, ಕಂಪ್ರೆಸರ್, ಸೆನ್ಸರ್ ಕೆಲಸ ಸೇರಿ ಏಳು, ಒಟ್ಟು 147. ಸಾಲದ ಬಡ್ಡಿ, ವಿಮೆ ಎರಡೂ ಗಾಡಿಯ ಬೆಲೆಯ ಶೇಕಡಾ ಲೆಕ್ಕದಲ್ಲಿ ಓಡುವುದರಿಂದ ಆ 20ರ ಅಂತರ ವರ್ಷವರ್ಷ ಹಿಗ್ಗುತ್ತದೆ. ಮಾರುವಾಗ ಹೊರಗಿನ ಸಾಮಾನಿಗೆ ಮೂರನೇ ಒಂದು ಭಾಗವೂ ಬರುವುದಿಲ್ಲ, ಅದನ್ನು ಕಳೆದರೂ ಲಾಭ ನನ್ನ ಕಡೆಗೇ.

ಈಗ ಬೇಸ್: 100, ಮೇಲೆ ಹದಿನೈದೂವರೆ, ಹಿಂದಿನ ಏರ್ ಲಾಕರ್ (ಗಾಳಿಯ ಒತ್ತಡದಿಂದ ಬಿಗಿಯುವ ಡಿಫ್ ಲಾಕ್) ಕೂಲಿ ಸೇರಿ 5, ಎರಡೂ ಡಿಫ್‌ಗೆ ಹೊಸ ಕ್ರೌನ್-ಪಿನಿಯನ್ (ಆ್ಯಕ್ಸಲ್ ರೇಶಿಯೋ ನಿರ್ಧರಿಸುವ ಗೇರ್ ಜೋಡಿ) ಐದೂವರೆ. 126. ಮಧ್ಯದ್ದಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಅಷ್ಟಕ್ಕೆ ಡಿಫ್‌ನ ವಾರಂಟಿ ಹೋಯಿತು, ಗಾಡಿ ಗ್ಯಾರೇಜಿನಲ್ಲಿ ಕೂತಿತು. ಮುಂದೆ ಹಿಂದೆ ಎರಡೂ ರೇಶಿಯೋ ಒಂದೇ ಸಲ ಬದಲಾಗಬೇಕು, ಇಲ್ಲದಿದ್ದರೆ ಫೋರ್‌ಗೆ ಹಾಕಿದ ಕೂಡಲೇ ಎರಡು ಆ್ಯಕ್ಸಲ್ ಜಗಳವಾಡುತ್ತವೆ. ಬ್ಯಾಕ್‌ಲ್ಯಾಶ್ (ಗೇರ್ ಹಲ್ಲುಗಳ ನಡುವಿನ ಸಡಿಲ) ಒಂದು ಎಳೆ ಹೆಚ್ಚು ಕಡಿಮೆಯಾದರೆ ಆ್ಯಕ್ಸಿಲರೇಟರ್ ಬಿಟ್ಟಾಗ ಕೂಗುತ್ತದೆ. ಆ ಕೂಗು ಒಮ್ಮೆ ಶುರುವಾದರೆ ಹಲ್ಲುಗಳು ಹಾಗೆಯೇ ಸವೆದಿರುತ್ತವೆ, ಮತ್ತೆ ಹೊಂದಿಸಿದರೂ ನಿಲ್ಲುವುದಿಲ್ಲ. ಏರ್ ಲಾಕರ್‌ನ ಸೀಲ್ ಹೋದರೆ ಗಾಳಿ ಪೈಪಿನಲ್ಲಿ ಗೇರ್ ಎಣ್ಣೆ ಹಿಂದಕ್ಕೆ ಬಂದು ಸೊಲೆನಾಯ್ಡ್ (ಗಾಳಿ ಬಿಡುವ ವಿದ್ಯುತ್ ಕವಾಟ) ಬಾಯಿಯಿಂದ ಉಗುಳುತ್ತದೆ.

ಫ್ಯಾಕ್ಟರಿ ಎಲೆಕ್ಟ್ರಿಕ್ ಲಾಕ್‌ಗೂ ರೋಗ ಇದೆ. ಬಳಸದೆ ಬಿಟ್ಟರೆ ಆ್ಯಕ್ಚುಯೇಟರ್ (ಲಾಕನ್ನು ಸರಿಸುವ ಮೋಟಾರ್) ಹಿಡಿದುಕೊಳ್ಳುತ್ತದೆ, ತಿಂಗಳಿಗೊಮ್ಮೆ ಸಡಿಲ ಮಣ್ಣಿನಲ್ಲಿ ಹಾಕಿ ತೆಗೆಯಬೇಕು. ಕನೆಕ್ಟರ್‌ಗೆ ಡೈಎಲೆಕ್ಟ್ರಿಕ್ (ವಿದ್ಯುತ್ ಹರಿಯದ, ನೀರು ತಡೆಯುವ) ಗ್ರೀಸ್ ಹಚ್ಚಿ. ಟೆಸ್ಟ್ ಡ್ರೈವ್‌ನಲ್ಲೇ ನೋಡಬೇಕಾದ ಒಂದು ಸಂಗತಿ: ಕೆಲವು ಗಾಡಿಗಳಲ್ಲಿ ಹಿಂದಿನ ಲಾಕ್ ಒತ್ತಿದ ಕ್ಷಣ ಮುಂದಿನ ಟ್ರ್ಯಾಕ್ಷನ್ ಕಂಟ್ರೋಲ್ (ಸುಮ್ಮನೆ ಸುತ್ತುವ ಚಕ್ರಕ್ಕೆ ಬ್ರೇಕ್ ಹಿಡಿಯುವ ವ್ಯವಸ್ಥೆ) ಕೂಡ ಮಲಗಿಬಿಡುತ್ತದೆ. ಆಗ ಹಿಂದಿನ ಎರಡು ಚಕ್ರ ತಳ್ಳುತ್ತವೆ, ಮುಂದೆ ಗಾಳಿಯಲ್ಲಿರುವ ಒಂದು ಸುಮ್ಮನೆ ಸುತ್ತುತ್ತದೆ. ಮುಂದಿನ ಎಡ, ಹಿಂದಿನ ಬಲ ಚಕ್ರಗಳು ನೇತಾಡುವಂಥ ಓರೆ ಹಳ್ಳದಲ್ಲಿ ಗಾಡಿ ನಿಲ್ಲಿಸಿ ಲಾಕ್ ಇಲ್ಲದೆ ಒಮ್ಮೆ, ಲಾಕ್ ಹಾಕಿ ಒಮ್ಮೆ ಹತ್ತಿಸಿ. ಎರಡನೆಯ ಸಲ ಮುಂದಿನ ಚಕ್ರದ ಬ್ರೇಕಿನ ಟಕಟಕ ಸದ್ದು ಕೇಳಿಸದಿದ್ದರೆ ಅರ್ಥವಾಯಿತಲ್ಲ. ಟ್ರ್ಯಾಕ್ಷನ್ ಕಂಟ್ರೋಲ್ ಒಂದನ್ನೇ ನಂಬುವ ವೇರಿಯಂಟ್ ಬೇಡ ಅನ್ನಲು ಕಾರಣ, ಅದು ಚಕ್ರ ಸುತ್ತಿದ ಮೇಲೆ ಎಚ್ಚರವಾಗುತ್ತದೆ. ಸುತ್ತುವಷ್ಟರಲ್ಲಿ ಕೆಸರಿನ ಮೇಲ್ಪದರ ಕಿತ್ತುಹೋಗಿರುತ್ತದೆ. ಉದ್ದನೆಯ ಏರಿನಲ್ಲಿ ಪ್ಯಾಡ್ ಕಾದು ತಾನೇ ನಿಂತುಬಿಡುವುದೂ ಉಂಟು.

ಲಿಫ್ಟ್ (ಗಾಡಿ ಎತ್ತರಿಸುವ) ವಿಷಯದಲ್ಲಿ 50 ಮಿ.ಮೀ. ದಾಟಲಿಲ್ಲ. ಇಂಡಿಪೆಂಡೆಂಟ್ ಫ್ರಂಟ್‌ನಲ್ಲಿ (ಮುಂದಿನ ಎರಡು ಚಕ್ರ ಬೇರೆ ಬೇರೆಯಾಗಿ ಏರಿಳಿಯುವ ಜೋಡಣೆ) ಅದಕ್ಕಿಂತ ಮೇಲೆ ಹೋದರೆ ಸಿವಿ ಜಾಯಿಂಟ್ (ಚಕ್ರಕ್ಕೆ ಬಲ ಒಯ್ಯುವ ಬಾಗುವ ಕೀಲು) ಕೋನ ಕೆಟ್ಟು ರಬ್ಬರ್ ಬೂಟ್ ಹರಿಯುತ್ತದೆ, ಮೇಲಿನ ಆರ್ಮ್ ಕಾಯಿಲ್‌ಗೆ ತಾಗುತ್ತದೆ. ಕ್ಯಾಸ್ಟರ್ (ಸ್ಟಿಯರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಬಿದ್ದು ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಲೋವರ್ ಆರ್ಮ್ ಬೋಲ್ಟ್‌ಗಳನ್ನು ಗಾಡಿ ಚಕ್ರದ ಮೇಲೆ ನಿಂತಿರುವಾಗಲೇ ಬಿಗಿಸಿ, ಜ್ಯಾಕ್ ಮೇಲೆ ಬಿಗಿಸಿದರೆ ರಬ್ಬರ್ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ. ಐನೂರು ಕಿಲೋಮೀಟರ್ ಆದ ಮೇಲೆ ಯು-ಬೋಲ್ಟ್ (ಲೀಫ್ ಕಟ್ಟನ್ನು ಆ್ಯಕ್ಸಲ್‌ಗೆ ಹಿಡಿಯುವ ಬೋಲ್ಟ್) ಮತ್ತೆ ಬಿಗಿಸಲೇಬೇಕು, ಹೊಸ ಲೀಫ್ ಕಟ್ಟು ಕೂತು ಸಡಿಲ ಬಿಟ್ಟಿರುತ್ತದೆ.

ಡೆಲಿವರಿ ದಿನ ಗಾಡಿಯ ಕೆಳಗೆ ಮಲಗಿ ನೋಡುವುದು ಎರಡೇ. ಹಿಂದಿನ ಡಿಫ್ ಹೌಸಿಂಗ್‌ಗೆ ಲಾಕ್‌ನ ವೈರ್ ಬಂದಿದೆಯೇ, ಮತ್ತು ಸ್ಟೆಪ್ನಿ ತೂಗುಹಾಕುವ ಜಾಗದಲ್ಲಿ ಎಷ್ಟು ಸಡಿಲ ಇದೆ. ಎರಡನೆಯದನ್ನು ಬಹಳಷ್ಟು ಜನ ನೋಡುವುದಿಲ್ಲ. 285 ಟೈರ್ ನಾಲ್ಕು ಕಡೆ ಹಾಕಿದ ಮೇಲೆ ಐದನೆಯದು ಅಲ್ಲಿ ಹಿಡಿಸದೆ, ಅದನ್ನು ಹಿಂದಿನ ಪೆಟ್ಟಿಗೆಯೊಳಗೆ ನಿಲ್ಲಿಸಿ ಅರ್ಧ ಜಾಗ ಕಳೆದುಕೊಂಡವರನ್ನು ಕಂಡಿದ್ದೇನೆ. ಬಂಪರಿಗೂ ಚಾಸಿಯ ಅಡ್ಡಪಟ್ಟಿಗೂ ನಡುವಿನ ಅಂತರ ಟೇಪ್ ಹಿಡಿದು ಅಳೆಯಿರಿ. 831 ಮಿ.ಮೀ. ಇರುವ ಟೈರ್‌ಗೆ ಸುತ್ತ ಹತ್ತು ಹತ್ತು ಬಿಟ್ಟು 851 ಬೇಕು. ನನ್ನದರಲ್ಲಿ 840 ಇತ್ತು, ಆದರೂ ಹಿಡಿಸಿದ್ದೇನೆ. ಹೇಗೆ ಅನ್ನುವುದನ್ನು ಗಾಡಿ ನೋಡಲು ಬಂದವರಿಗಷ್ಟೇ ತೋರಿಸುವುದು.